ಮೇಲ್ಮೈಯ ವಿಜ್ಞಾನ ಮತ್ತು ನಮ್ಮ ಲೆಕ್ಕಪತ್ರ

ಲೋಹಕ್ಕೆ ತುಕ್ಕು ಹಿಡಿಯುವುದು, ನಿಕ್ಕಲ್ ಲೇಪ ನಿಲ್ಲುವುದು ಅಥವಾ ಕಳಚುವುದು, ರಾಸಾಯನಿಕ ಕಾರ್ಖಾನೆಯ ವೇಗವರ್ಧಕ ಕೆಲಸ ಮಾಡುವುದು – ಇವೆಲ್ಲವೂ ಘನವಸ್ತುವಿನ ಮೇಲ್ಮೈಯಲ್ಲಿ ಎಲೆಕ್ಟ್ರಾನುಗಳು ನಡೆಸುವ ವ್ಯವಹಾರಗಳು. ಆ ವ್ಯವಹಾರದ ವೇಗವನ್ನು ಅಳೆಯುವ ಸಾಧನವು ವಿಜ್ಞಾನಿಗಳಿಗೆ ದೊರೆತದ್ದು ಈ ಶತಮಾನದಲ್ಲಿ.

1987ರಲ್ಲಿ ಆನ್ ಲ್ಯುಲಿಯೇ ಅವರು ಫ್ರಾನ್ಸಿನಲ್ಲಿ ಜಡ ಅನಿಲದ ಮೂಲಕ ಅವಕೆಂಪು ಲೇಸರನ್ನು ಹಾಯಿಸಿದಾಗ, ಅದರ ಅನೇಕ ಪಟ್ಟು ಆವರ್ತನದ ಬೆಳಕು ಹೊಮ್ಮಿತು. ಇದೇ ವಿಧಾನದಿಂದ 2001ರಲ್ಲಿ ಫೆರೆನ್ಸ್ ಕ್ರೌಸ್ ಅವರ ತಂಡವು 650 ಅಟೋಸೆಕೆಂಡುಗಳ ಒಂಟಿ ಬೆಳಕಿನ ಮಿಡಿತವನ್ನು ಪಡೆಯಿತು. ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿ, ಅದರ ಒಂದು ಪಾಲನ್ನು ಮತ್ತೆ ನೂರು ಕೋಟಿ ಪಾಲು ಮಾಡಿದರೆ ಒಂದು ಅಟೋಸೆಕೆಂಡ್. 2007ರಲ್ಲಿ ಜರ್ಮನಿಯ ಗಾರ್ಕಿಂಗ್‌ನಲ್ಲಿ ಇಂತಹ ತೀವ್ರ ನೇರಳಾತೀತ ಮಿಡಿತವನ್ನು ಟಂಗ್‌ಸ್ಟನ್ ಮೇಲ್ಮೈಗೆ ಹಾಯಿಸಲಾಯಿತು. ಪರಮಾಣುವಿಗೆ ಬಿಗಿಯಾಗಿ ಅಂಟಿದ ಎಲೆಕ್ಟ್ರಾನುಗಳು, ಸಡಿಲವಾದವುಗಳಿಗಿಂತ ಸುಮಾರು 100 ಅಟೋಸೆಕೆಂಡು ತಡವಾಗಿ ಹೊರಬಂದುದು ಕಂಡಿತು. 2023ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಈ ಇಬ್ಬರಿಗೂ ಪಿಯೆರ್ ಅಗೊಸ್ತಿನಿ ಅವರಿಗೂ ಸಂದಿತು.

‘ಇದರಿಂದ ನಮಗೇನು ಲಾಭ?’ ಎಂಬ ಪ್ರಶ್ನೆ ವ್ಯಾಪಾರಸ್ಥರಿಗೆ ಸಹಜವಾದುದೇ. ನಾಳೆಯೇ ಲೇಪನದ ತೊಟ್ಟಿಯ ಖರ್ಚು ಇಳಿಯದು, ನಿಜ. ಲೆಕ್ಕಪತ್ರ ಮಾನಕ 26 ಸಹ ಸಂಶೋಧನಾ ಹಂತದ ವೆಚ್ಚವನ್ನು ಆಸ್ತಿಯೆಂದು ತೋರಿಸಲು ಬಿಡದೆ, ಆಯಾ ವರ್ಷದ ಖರ್ಚೆಂದೇ ಬರೆಯಿಸುತ್ತದೆ. ಎಚ್ಚರಿಕೆಯ ದೃಷ್ಟಿಯಿಂದ ಅದು ಯೋಗ್ಯವಾದ ನಿಯಮ. ಆದರೆ ಪುಸ್ತಕದಲ್ಲಿ ಆಸ್ತಿಯಾಗಿ ಕಾಣದ್ದು ಬೆಲೆಯಿಲ್ಲದ್ದೆಂದು ಭಾವಿಸುವುದು ತಪ್ಪು. ಅನಿಲದ ಪ್ರಯೋಗದಿಂದ ಟಂಗ್‌ಸ್ಟನ್‌ವರೆಗೆ ಇಪ್ಪತ್ತು ವರ್ಷಗಳು ಹಿಡಿದವು. ಅಷ್ಟು ಕಾಲ ಕಾಯುವ ಶಕ್ತಿ ಯಾವ ಸಣ್ಣ ಕೈಗಾರಿಕೆಗೂ ಇಲ್ಲ. ಯಾವ ಬ್ಯಾಂಕೂ ಅದಕ್ಕೆ ಸಾಲ ಕೊಡದು. ಆದುದರಿಂದಲೇ ಈ ಭಾರವನ್ನು ಸಾರ್ವಜನಿಕ ಹಣ ಹಾಗೂ ದೇಣಿಗೆಗಳು ಹೊರಬೇಕು.

ನಮ್ಮಲ್ಲಿ ಆಗಿರುವುದೇನು? ವಿಶ್ವವಿದ್ಯಾಲಯಗಳ ವೈಜ್ಞಾನಿಕ ಸಂಶೋಧನೆಗೆ ಕೊಡುವ ದೇಣಿಗೆಗೆ ಆದಾಯ ತೆರಿಗೆಯಲ್ಲಿ ದೊರೆಯುತ್ತಿದ್ದ ಶೇ. 175ರ ಕಡಿತವು 2017ರ ಏಪ್ರಿಲ್‌ನಿಂದ ಶೇ. 150ಕ್ಕೂ, 2020ರ ಏಪ್ರಿಲ್‌ನಿಂದ ಶೇ. 100ಕ್ಕೂ ಇಳಿಯಿತು. ತೆರಿಗೆ ದರ ತಗ್ಗಿಸುವಾಗ ವಿನಾಯಿತಿಗಳನ್ನೂ ತಗ್ಗಿಸಬೇಕೆಂಬ ವಾದದಲ್ಲಿ ಹುರುಳಿದೆ. ಅವುಗಳ ದುರುಪಯೋಗವೂ ನಡೆದಿತ್ತು. ಆದರೂ ದುರುಪಯೋಗಕ್ಕೆ ಮದ್ದು ಬಿಗಿಯಾದ ತಪಾಸಣೆಯೇ ಹೊರತು ಪ್ರೋತ್ಸಾಹವನ್ನೇ ಕೈಬಿಡುವುದಲ್ಲ.

ಬಜೆಟ್‌ಗೆ ಮುನ್ನ ಸಲ್ಲಿಸುವ ಮನವಿಯಲ್ಲಿ ನಾವು ದರ, ಗಡುವು, ಮರುಪಾವತಿಗಳನ್ನು ಕುರಿತು ಬರೆಯುತ್ತೇವೆ. ಮೂಲ ವಿಜ್ಞಾನದ ದೇಣಿಗೆಗೆ ಹೆಚ್ಚುವರಿ ಕಡಿತವನ್ನು ಮರಳಿಸಬೇಕೆಂಬ ಒಂದು ಬೇಡಿಕೆಯನ್ನೂ ಅದರಲ್ಲಿ ಸೇರಿಸುವುದು ಉಚಿತ. ಅದರ ಫಲವು ನಮಗಲ್ಲದಿದ್ದರೆ, ನಮ್ಮ ಗದ್ದುಗೆಯಲ್ಲಿ ಕೂರುವ ಮುಂದಿನವರಿಗೆ ದೊರೆತೀತು.