ತುಕ್ಕು ಹಿಡಿದ ಕೊಳವೆಗಳ ಪಾಠ

ದೇವನಹಳ್ಳಿಯಲ್ಲಿ ಟಿಪ್ಪು ಸುಲ್ತಾನನ ಜನ್ಮಸ್ಥಳವನ್ನು ನೋಡಬಂದ ವಿದ್ಯಾರ್ಥಿಗಳು ಅಲ್ಲಿನ ಕೋಟೆಯನ್ನೂ ಸುತ್ತುವುದುಂಟು. ಇಂತಹ ಕೋಟೆಗಳ ಆಸುಪಾಸಿನಲ್ಲಿ ಹಳೆಯ ಆಯುಧದ ತುಂಡೊಂದು ದೊರೆತರೆ, ಅದನ್ನು ಉಜ್ಜಿ ಹೊಳಪೇರಿಸಿ ಮನೆಯಲ್ಲಿಡಬೇಕೆಂಬ ಆಸೆ ತರುಣರಿಗೆ ಸಹಜವಾದುದು. ಈ ಆಸೆಯನ್ನು ನಾವು ಹಳಿಯುವುದಿಲ್ಲ. ಆದರೆ ಗುರುತಿಸದೆ ಕೂಡಿಟ್ಟುದು ಸಂಗ್ರಹವಲ್ಲ, ಬರಿಯ ರಾಶಿ ಎಂಬುದು ನಮ್ಮ ಮತ.

ಮೈಸೂರು ರಾಕೆಟ್ಟುಗಳ ಕಥೆಯನ್ನೇ ನೋಡೋಣ. 2002ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಪಾಳುಬಾವಿಯೊಂದರಲ್ಲಿ ಸುಮಾರು 160 ಕಬ್ಬಿಣದ ಕೊಳವೆಗಳು ದೊರೆತವು. ಅವು ಟಿಪ್ಪುವಿನ ಕಾಲದ ಯುದ್ಧರಾಕೆಟ್ಟುಗಳೆಂದು ತಿಳಿದುಬಂದುದು ಕೆಲವು ವರ್ಷಗಳ ಬಳಿಕ. ಅಷ್ಟರೊಳಗೆ ಯಾರಾದರೂ ಅವನ್ನು ಗುಜರಿಗೆ ಹಾಕಿದ್ದರೆ ನಷ್ಟವಾದುದೇನೆಂಬುದೇ ತಿಳಿಯುತ್ತಿರಲಿಲ್ಲ! 2018ರಲ್ಲಿ ಅದೇ ಪ್ರದೇಶದ ಬಾವಿಯೊಂದರಿಂದ ಸಾವಿರಕ್ಕೂ ಮಿಕ್ಕಿ ರಾಕೆಟ್ಟುಗಳು ಹೊರಬಂದವು. ಅಲ್ಲಿ ಸುಳಿವು ಕೊಟ್ಟುದು ಮದ್ದಿನ ವಾಸನೆಯುಳ್ಳ ಕೆಸರು. ವಸ್ತುವಿನಷ್ಟೇ ಅದನ್ನು ಸುತ್ತಿದ ಮಣ್ಣೂ ಸಾಕ್ಷಿಯೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಈ ರಾಕೆಟ್ಟುಗಳೆಲ್ಲ ಒಂದೇ ಬಗೆಯವಲ್ಲ. ಇಂಗ್ಲೆಂಡಿನ ವುಲಿಚ್‌ನಲ್ಲಿ ಕಾಪಾಡಿದ್ದ ಎರಡು ಮಾದರಿಗಳನ್ನು ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ವರ್ಣಿಸಿದ್ದಾರೆ. ಒಂದರ ಕೊಳವೆ ಸುಮಾರು 25 ಸೆಂ.ಮೀ. ಉದ್ದ, 6 ಸೆಂ.ಮೀ. ವ್ಯಾಸ, ಅದನ್ನು ಖಡ್ಗದ ಅಲಗಿಗೆ ಬಿಗಿಯಲಾಗಿತ್ತು. ಇನ್ನೊಂದು ಸುಮಾರು 20 ಸೆಂ.ಮೀ. ಉದ್ದ, 4 ಸೆಂ.ಮೀ. ವ್ಯಾಸ, ಅದಕ್ಕೆ ಬಿದಿರಿನ ಗಳು. ಕಬ್ಬಿಣದ ಕೊಳವೆಯು ಕಾಗದದ ಕೊಳವೆಗಿಂತ ಹೆಚ್ಚಿನ ಒತ್ತಡವನ್ನು ತಾಳುವುದರಿಂದ ರಾಕೆಟ್ಟು ದೂರಕ್ಕೆ ಹಾರುತ್ತಿತ್ತು. ಗಳುವಾಗಲಿ ಅಲಗಾಗಲಿ ಅದರ ದಿಕ್ಕನ್ನು ಕಾಯುತ್ತಿತ್ತು. ಆದರೆ ಅವನ್ನು ಒಂದು ಗೊತ್ತಾದ ಅಳತೆಗೆ ತಯಾರಿಸುತ್ತಿದ್ದರೇ, ಇಲ್ಲವೆ ಕಮ್ಮಾರನ ಕೈಗೆ ಬಂದಂತೆಯೇ? ಒಂದೇ ಒಂದು ಕೊಳವೆ ಇದಕ್ಕೆ ಉತ್ತರ ಹೇಳಲಾರದು. ನೂರಾರನ್ನು ಅಳೆದು ಹೋಲಿಸಿದರೆ ಮಾತ್ರ ಉತ್ತರ ದೊರೆತೀತು. ಒಂದೊಂದನ್ನು ಒಬ್ಬೊಬ್ಬರು ಒಯ್ದು ಬಚ್ಚಿಟ್ಟರೆ ಆ ಉತ್ತರವೇ ಕಳೆದುಹೋಗುತ್ತದೆ.

ಆದುದರಿಂದ ನಿಮಗೆ ಇಂತಹ ವಸ್ತು ಕಂಡಲ್ಲಿ ಅದನ್ನು ಕೀಳಬೇಡಿ, ಉಜ್ಜಬೇಡಿ. ಒಳಗೆ ಮದ್ದಿದ್ದೀತು, ಬೆಂಕಿಯಿಂದ ದೂರವಿರಿ. ಸ್ಥಳವನ್ನು ಬರೆದಿಟ್ಟುಕೊಂಡು, ಪಕ್ಕದಲ್ಲಿ ಅಳತೆಪಟ್ಟಿಯನ್ನಿಟ್ಟು ಚಿತ್ರ ತೆಗೆದು, ಪುರಾತತ್ವ ಇಲಾಖೆಗೆ ತಿಳಿಸಿರಿ. "ಹಾಗಾದರೆ ನಮಗೆ ಉಳಿದುದೇನು?" ಎಂದು ನೀವು ಕೇಳಬಹುದು. ವಸ್ತುವು ವಸ್ತುಸಂಗ್ರಹಾಲಯಕ್ಕೆ ಸೇರಲಿ. ನೀವು ಕಂಡು ಬರೆದಿಟ್ಟ ಟಿಪ್ಪಣಿ ಪುಸ್ತಕ ನಿಮ್ಮಲ್ಲಿರಲಿ. ವಿಜ್ಞಾನದ ದೃಷ್ಟಿಯಿಂದ ಅದೇ ನಿಜವಾದ ಸಂಗ್ರಹ.