ಬಂದವರಿಗೊಂದು ಮಾತು, ಇದ್ದವರಿಗೆ ಎರಡು!



2021ರ ಜನವರಿಯಲ್ಲಿ ಮೆಟ್ರೋ ತಲಘಟ್ಟಪುರ ದಾಟಿ ರೇಷ್ಮೆ ಸಂಸ್ಥೆಯವರೆಗೆ ಓಡಿತು. ಕನಕಪುರ ರಸ್ತೆಯುದ್ದಕ್ಕೂ ಅಪಾರ್ಟ್‌ಮೆಂಟುಗಳು. ಹೊಸಬರಿಗೆ ಬ್ರೋಕರ್ ಎಲ್ಲ ಹೇಳಿಕೊಡುತ್ತಾನೆ: ಅಡ್ವಾನ್ಸ್ ಎಷ್ಟು, ಟ್ಯಾಂಕರ್ ಯಾರದು, ಗ್ಯಾಸ್ ಎಲ್ಲಿ. "ಕನ್ನಡ ಕಲಿಯಿರಿ" ಎಂದು ಮಾತ್ರ ಹೇಳುವುದಿಲ್ಲ!

ನಾವೇ ಹೇಳುತ್ತೇವೆ, ಕೇಳಿ ಸ್ವಾಮಿ. ಸೊಪ್ಪಿನವಳಿಗೆ "ಕಟ್ಟು ಎಷ್ಟಮ್ಮ?" ಅನ್ನಿ. ಆಟೋದವರಿಗೆ "ಮೀಟರ್ ಹಾಕಿ ಅಣ್ಣ", ಇಳಿಯುವಾಗ "ಇಲ್ಲೇ ನಿಲ್ಲಿಸಿ". ತಪ್ಪಾದರೆ ಯಾರೂ ನಗುವುದಿಲ್ಲ. ನಕ್ಕವನು ಕನ್ನಡದ ಶತ್ರು. ತೊರೆಕಾಡನಹಳ್ಳಿಯಿಂದ ಇಲ್ಲೇ ಪಕ್ಕದ ತಾತಗುಣಿ ಪಂಪ್‌ಹೌಸ್ ಹಾದು ಬರುವ ಕಾವೇರಿಯನ್ನು ಹತ್ತು ವರ್ಷ ಕುಡಿದು, "ಕನ್ನಡ್ ಗೊತ್ತಿಲ್ಲ" ಎಂಬ ಎರಡೇ ಪದ ಕಲಿಯುವುದು ಸೊಕ್ಕಲ್ಲದೆ ಮತ್ತೇನು?

ಆದರೆ ಅವರನ್ನು ಕೆಡಿಸಿದವರು ಯಾರು? ನಾವೇ! ಅವರು "ಕಿತನಾ" ಎನ್ನುವ ಮೊದಲೇ "ಪಚಾಸ್" ಎನ್ನುವ ನಮ್ಮ ಅಂಗಡಿಯಣ್ಣ! 2017ರಲ್ಲಿ ಹೋರಾಡಿ ಮೆಟ್ರೋ ಫಲಕದ ಹಿಂದಿ ತೆಗೆಸಿದೆವು. ನಾಮಫಲಕದಲ್ಲಿ ಶೇ. 60 ಕನ್ನಡ ಇರಲೇಬೇಕೆಂದು 2024ರಲ್ಲಿ ಕಾನೂನೇ ಆಯಿತು. ಬೋರ್ಡಿಗೆ ಕಾನೂನು ಬಂತು, ನಮ್ಮ ನಾಲಿಗೆಗೆ ಯಾವ ಕಾನೂನು ತರೋಣ? ನಾಳೆಯಿಂದ ಅವರು ಯಾವ ಭಾಷೆಯಲ್ಲಿ ಕೇಳಿದರೂ ಕನ್ನಡದಲ್ಲೇ ಉತ್ತರ ಕೊಡಿ. ಮೆಲ್ಲಗೆ, ಬಿಡಿಸಿ, ಬೇಕಾದರೆ ಎರಡು ಸಲ.