ವಿಮಾನ ಬಿದ್ದ ಹೊಲಕ್ಕೆ ಮೊದಲು ಓಡುವವರು ಯಾರು?

2023ರ ಜೂನ್ 1ರಂದು ಚಾಮರಾಜನಗರ ತಾಲ್ಲೂಕಿನ ಭೋಗಾಪುರದ ಬಳಿ ವಾಯುಪಡೆಯ ಕಿರಣ್ ತರಬೇತಿ ವಿಮಾನ ಬಿತ್ತು. ಇಬ್ಬರು ಪೈಲಟ್‌ಗಳೂ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿಕೊಂಡರು. ಊರಿನವರಿಗೂ ಏನೂ ಆಗಲಿಲ್ಲ. ಆದರೆ ಅವಶೇಷದ ಸುತ್ತ ಸೇರಿದ ಜನರ ವಿಡಿಯೊ ನೋಡಿ ನನಗೆ ಸಮಾಧಾನಕ್ಕಿಂತ ಭಯವೇ ಜಾಸ್ತಿ ಆಯ್ತು.

ನೆರವಿಗೆ ಓಡಿದವರದ್ದು ತಪ್ಪಲ್ಲ. ಫೈರ್ ಎಂಜಿನ್ ಬರೋ ಮುಂಚೆ ಹೊಲದಲ್ಲಿರೋರು ಅವರೇ ತಾನೆ? ಆದರೆ ಅವಶೇಷದಲ್ಲಿ ಇಂಧನ ಇರುತ್ತೆ. ಪೈಲಟ್‌ನನ್ನು ಹೊರಕ್ಕೆ ಚಿಮ್ಮಿಸುವ ಸೀಟಿನಲ್ಲಿ ಸಿಡಿಯದ ಮದ್ದು ಉಳಿದಿರಬಹುದು. ಹಾಗೆ ಚಿಮ್ಮಿದವರ ಬೆನ್ನುಮೂಳೆಗೆ ಪೆಟ್ಟಾಗಿದ್ದರೆ, ಎಬ್ಬಿಸಿ ಕೂರಿಸೋದೇ ಅಪಾಯ.

2019ರ ಫೆಬ್ರುವರಿಯಲ್ಲಿ ಬಂಡೀಪುರ ಉರಿದಾಗಲೂ ಮೇಲಿಂದ ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ನೀರು ಸುರಿದವು. ಕೆಳಗೆ ಸ್ವಯಂಸೇವಕರು ಹಸಿ ಸೊಪ್ಪಿನಿಂದ ಬೆಂಕಿ ಬಡಿದರು. ಆಕಾಶದಲ್ಲಿದ್ದವರಿಗೆ ತರಬೇತಿಯಿತ್ತು, ನೆಲದ ಮೇಲಿದ್ದವರಿಗೆ ಧೈರ್ಯವೇ ಬಂಡವಾಳ.

ಪಾಠ ಚಿಕ್ಕದು: ದೂರ ನಿಲ್ಲಿ, ಹೊಗೆ ಬರುವ ದಿಕ್ಕಿಗೆ ಹೋಗಬೇಡಿ, 112ಕ್ಕೆ ಫೋನ್ ಮಾಡಿ, ಏನನ್ನೂ ಮುಟ್ಟಬೇಡಿ. ಗುಂಡ್ಲುಪೇಟೆ, ಚಾಮರಾಜನಗರದ ಗ್ರಾಮಸಭೆಗಳಲ್ಲಿ ಇಷ್ಟು ಹೇಳೋಕೆ ಅರ್ಧ ಗಂಟೆ ಸಾಕು. ಮುಂದಿನ ಸಲವೂ ಬಯಲಲ್ಲೇ ಬೀಳುತ್ತೆ ಅಂತ ಏನು ಗ್ಯಾರಂಟಿ?